ಬನ್ನಿ ಬೋರ್ಡಿನ ಪ್ರಕರಣ: ಒಂದು ಹೆಸರು, ಮೂರು ಗಿಡ

ಇದು ನಮ್ಮ ಕಾಲೇಜಿನಲ್ಲಿ ನಡೆದ ಒಂದು ಎಡವಟ್ಟಿನ ಕತೆ. ಬೀದರ್ ಜಿಲ್ಲೆಯ ಒಂದು ಪದವಿ ಕಾಲೇಜು ಅಂದುಕೊಳ್ಳಿ, ಹೆಸರು ಬೇಡ. ಊರು, ತಾಲೂಕುಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ವಿದ್ಯಾರ್ಥಿಗಳ ಹೆಸರು ಹಾಕಿಲ್ಲ. ತಪ್ಪು ಮಾಡಿದವರಲ್ಲಿ ಮೊದಲನೆಯವನು ನಾನೇ, ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಗಿಡಗಳಿಗೆ ಹೆಸರು ಬರೆಸುವ ಕೆಲಸಕ್ಕೆ ಕೈ ಹಾಕುವ ಬೇರೆ ಕಾಲೇಜಿನವರಿಗೆ, ಶಾಲೆಯ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬಂದೀತು ಅಂತ ನಡೆದದ್ದನ್ನೆಲ್ಲ ಬರೆದಿದ್ದೇನೆ.

ಹಿನ್ನೆಲೆ

ಅದು ನ್ಯಾಕ್ ತಂಡ, ಅಂದರೆ ಕಾಲೇಜಿನ ಗುಣಮಟ್ಟ ನೋಡಿ ದರ್ಜೆ ಕೊಡುವವರು, ಬರುವ ವರ್ಷ. ಅಂಥ ವರ್ಷದಲ್ಲಿ ಕಾಲೇಜುಗಳಲ್ಲಿ ಏನೇನು ನಡೆಯುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಗೋಡೆಗೆ ಸುಣ್ಣ, ಕುಂಡಕ್ಕೆ ಕೆಂಪು ಬಣ್ಣ, ಕಾಂಪೌಂಡಿನ ಒಂದೊಂದು ಮರಕ್ಕೂ ಹೆಸರಿನ ಬೋರ್ಡು. ಬೋರ್ಡಿನ ಕೆಲಸ ಸಸ್ಯಶಾಸ್ತ್ರದವರ ತಲೆಗೆ ಬಂತು, ಅಂದರೆ ನನ್ನ ತಲೆಗೆ. ನಾನು ಅದನ್ನು ಕೊನೆಯ ವರ್ಷದ ಹುಡುಗರಿಗೆ ಪ್ರಾಜೆಕ್ಟ್ ಅಂತ ದಾಟಿಸಿದೆ.

ಕಾಂಪೌಂಡಿನಲ್ಲಿ 41 ಮರ ಸಿಕ್ಕವು. ಪಟ್ಟಿ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಕುಟುಂಬದವು, ಅಂದರೆ ಕಾಯಿ ಬಿಡುವ ದ್ವಿದಳದ ಕುಟುಂಬ. ಹುಣಸೆ, ಹೊಂಗೆ, ಕಕ್ಕೆ, ಗುಲ್‌ಮೊಹರ್, ಮುತ್ತುಗ, ಸುಬಾಬುಲ್, ಗ್ಲಿರಿಸಿಡಿಯಾ, ರೈನ್ ಟ್ರೀ, ಜಾಲಿ, ಹಿಂದಿನ ಗೋಡೆಗೆ ತಾನಾಗಿ ಹುಟ್ಟಿಕೊಂಡ ಬಳ್ಳಾರಿ ಜಾಲಿ, ಗೇಟಿನ ಹತ್ತಿರ ಕಟ್ಟೆ ಕಟ್ಟಿಸಿದ ಹಳೆಯ ಬನ್ನಿ. ಹುಡುಗರಿಗೆ ಆಶ್ಚರ್ಯ ಆಯಿತು, ನನಗೆ ಆಗಲಿಲ್ಲ. ಕಾಂಪೌಂಡಿನ ಆಚೆ ಹೊಲ ನೋಡಿದರೂ ಅದೇ ಕುಟುಂಬ ಅಲ್ವಾ? ತೊಗರಿ, ಉದ್ದು, ಹೆಸರು, ಕಡಲೆ, ಸೋಯಾ. ನಮ್ಮ ಜಿಲ್ಲೆಯ ಹೊಟ್ಟೆ ಬಹುಮಟ್ಟಿಗೆ ಈ ಒಂದು ಕುಟುಂಬದ ಮೇಲೆ ನಿಂತಿದೆ. ಪಕ್ಕದ ಕಲಬುರಗಿಯ ತೊಗರಿ ಬೇಳೆಗಂತೂ 2019ರಲ್ಲಿ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಜಗತ್ತಿನ ಲೆಕ್ಕ ಹಿಡಿದರೆ ಸುಮಾರು 770 ಕುಲ (ಹತ್ತಿರದ ಜಾತಿಗಳ ಗುಂಪು, ವೈಜ್ಞಾನಿಕ ಹೆಸರಿನ ಮೊದಲ ಪದ ಅದೇ), 19,500ರಷ್ಟು ಜಾತಿ. ಹೂಬಿಡುವ ಸಸ್ಯಗಳಲ್ಲಿ ಆರ್ಕಿಡ್ ಕುಟುಂಬ, ಸೂರ್ಯಕಾಂತಿ ಕುಟುಂಬ ಬಿಟ್ಟರೆ ದೊಡ್ಡದು ಇದೇ.

ಬೋರ್ಡಿನಲ್ಲಿ ನಾಲ್ಕು ಸಾಲು ಅಂತ ತೀರ್ಮಾನ ಆಯಿತು. ಕನ್ನಡ ಹೆಸರು, ವೈಜ್ಞಾನಿಕ ಹೆಸರು, ಕುಟುಂಬ, ಮೂಲ ನೆಲೆ. ನಾಲ್ಕು ಸಾಲು ಬರೆಯೋದರಲ್ಲಿ ಏನಿದೆ ಅಂತ ನಾನೂ ಅಂದುಕೊಂಡಿದ್ದೆ.

ಮೂರನೇ ಸಾಲಿನ ಜಗಳ

ಮೊದಲ ತೊಡಕು ಕುಟುಂಬದ ಸಾಲಿನಲ್ಲೇ ಬಂತು. ಮೂವರು ಹುಡುಗರು ಹುಣಸೆ ಮರಕ್ಕೆ ಮೂರು ಕುಟುಂಬ ಬರೆದುಕೊಂಡು ಬಂದರು. ಒಬ್ಬ ಲೆಗ್ಯುಮಿನೋಸಿ ಅಂದ. ಇನ್ನೊಬ್ಬ ಸಿಸಾಲ್ಪಿನಿಯೇಸಿ ಅಂದ. ಮೂರನೆಯವಳು ಫೋನು ನೋಡಿ ಫ್ಯಾಬೇಸಿ ಅಂದಳು. ಮೂರೂ ಎಲ್ಲೋ ಅಚ್ಚಾದದ್ದೇ, ಯಾರೂ ತಲೆಯಿಂದ ಹುಟ್ಟಿಸಿಕೊಂಡು ಬಂದಿರಲಿಲ್ಲ.

ಇದು ಹೀಗೆ ಯಾಕೆ ಅಂತ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ತಮ್ಮ ದೊಡ್ಡ ಗ್ರಂಥ ಹೊರತಂದಾಗ ಇದನ್ನು ಒಂದೇ ಕುಟುಂಬವಾಗಿ ಇಟ್ಟುಕೊಂಡು, ಒಳಗೆ ಮೂರು ಗುಂಪು ಮಾಡಿದ್ದರು. ನಮ್ಮ ದೇಶದ ಹಳೆಯ ಸಸ್ಯಸೂಚಿಗಳೆಲ್ಲ ಅದೇ ದಾರಿ ಹಿಡಿದವು. ಆಮೇಲೆ ಹಚಿನ್ಸನ್, ಕ್ರಾಂಕ್ವಿಸ್ಟ್ ಅಂಥವರು ಆ ಮೂರು ಗುಂಪುಗಳನ್ನು ಮೂರು ಬೇರೆ ಕುಟುಂಬಗಳಾಗಿಯೇ ಎತ್ತಿ ನಿಲ್ಲಿಸಿದರು. ಕ್ರಾಂಕ್ವಿಸ್ಟ್ 1981ರಲ್ಲಿ ಕೊಟ್ಟ ಪಟ್ಟಿಯಲ್ಲಿ ಮಿಮೋಸೇಸಿ, ಸಿಸಾಲ್ಪಿನಿಯೇಸಿ, ಫ್ಯಾಬೇಸಿ ಅಂತ ಮೂರು ಇವೆ. ನಾನು ಓದಿದ್ದು ಇದನ್ನು. ಈಗ ಡಿಎನ್‌ಎ ನೋಡಿ ಮಾಡುವ ವರ್ಗೀಕರಣದಲ್ಲಿ ಮತ್ತೆ ಒಂದೇ ಕುಟುಂಬ.

ಗೊಂದಲ ಜಾಸ್ತಿ ಮಾಡೋದು ಫ್ಯಾಬೇಸಿ ಅನ್ನುವ ಹೆಸರು. ಕ್ರಾಂಕ್ವಿಸ್ಟ್ ಪುಸ್ತಕದಲ್ಲಿ ಫ್ಯಾಬೇಸಿ ಅಂದರೆ ತೊಗರಿ, ಕಡಲೆ, ಮುತ್ತುಗದ ಗುಂಪು ಮಾತ್ರ. ಈಗಿನ ಪುಸ್ತಕದಲ್ಲಿ ಫ್ಯಾಬೇಸಿ ಅಂದರೆ ಹುಣಸೆ, ಜಾಲಿ, ಬನ್ನಿ ಎಲ್ಲ ಸೇರಿ. ಹುಣಸೆ ಮರಕ್ಕೆ ಫ್ಯಾಬೇಸಿ ಅಂತ ಬರೆದರೆ ಒಂದು ಪುಸ್ತಕದ ಪ್ರಕಾರ ಸರಿ, ಇನ್ನೊಂದರ ಪ್ರಕಾರ ತಪ್ಪು. ಅಕ್ಷರ ಅದೇ, ಅರ್ಥ ಬೇರೆ.

ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. ಕೂತು ಯೋಚನೆ ಮಾಡುವ ಬದಲು, ಪರೀಕ್ಷೆಗೆ ಹುಡುಗರು ಓದುತ್ತಿದ್ದ ನೋಟ್ಸಿನಲ್ಲಿ ಮೂರು ಕುಟುಂಬ ಇದೆ, ಅದನ್ನೇ ಬರೆಸಿಬಿಡೋಣ ಅಂದೆ. ಪೇಂಟರ್ ಬಂದು ಕೂತಿದ್ದ, ಪ್ರಿನ್ಸಿಪಾಲರು ದಿನಕ್ಕೆ ಎರಡು ಸಲ ಕೇಳುತ್ತಿದ್ದರು. ಹೀಗೆ ತಗಡಿನ ಮೇಲೆ ಹಳದಿ ಬಣ್ಣ, ಕರಿ ಅಕ್ಷರ, ಸೆಪ್ಟೆಂಬರ್ ಹೊತ್ತಿಗೆ 41 ಬೋರ್ಡು ನೇತಾಡಿದವು.

ಬನ್ನಿಯದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಗೇಟಿನ ಹತ್ತಿರದ ಗಿಡಕ್ಕೆ (ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನೋದು) ವೈಜ್ಞಾನಿಕ ಹೆಸರು ಏನು ಅಂತ ಹುಡುಗರು ಕೇಳಿದರು. ನಮ್ಮ ವಿಭಾಗದ ಕಪಾಟಿನಲ್ಲಿ ಒಣಗಿಸಿ ಅಂಟಿಸಿದ ಹಳೆಯ ಹಾಳೆಗಳಿವೆ. ಅದರಲ್ಲಿ ಒಂದರ ಮೇಲೆ ಮೊದಲಿದ್ದ ಯಾರೋ ಮೇಷ್ಟ್ರು ಚಂದದ ಅಕ್ಷರದಲ್ಲಿ ಬರೆದಿದ್ದರು: ಬನ್ನಿ, ಅಕೇಶಿಯಾ ಫೆರುಜಿನಿಯಾ. ಜಾಗ ಅನ್ನುವ ಕಡೆ ಬರೀ ಬೀದರ ಅಂತ. ಹಾಳೆಯಲ್ಲಿ ಹೂವೂ ಇಲ್ಲ, ಕಾಯಿಯೂ ಇಲ್ಲ, ಒಂದು ರೆಂಬೆ, ನಾಲ್ಕೈದು ಎಲೆ. ನಾನು ಹೆಸರು ನೋಡಿದೆ, ಗಿಡ ನೋಡಲಿಲ್ಲ. ಬನ್ನಿ ಅಂದರೆ ಬನ್ನಿ, ಬರೀರಿ ಅಂದೆ.

ದಸರಾ ಮುಗಿದ ಮೇಲೆ

ದಸರಾ ರಜೆ ಮುಗಿಸಿ ಬಂದ ದಿನ ಹುಡುಗರೆಲ್ಲ ಬನ್ನಿ ಕೊಟ್ಟು ನಮಸ್ಕಾರ ಮಾಡುತ್ತಿದ್ದರು. "ಬನ್ನಿ ತಗೊಂಡು ಬಂಗಾರದಂಗ ಇರೋಣ ರೀ ಸರ್." ಔರಾದ್ ಕಡೆಯ ಒಬ್ಬ ಹುಡುಗಿ ನನ್ನ ಕೈಗೆ ಇಟ್ಟದ್ದು ಅಗಲವಾದ, ನಡುವೆ ಸೀಳಿದ, ಎತ್ತಿನ ಗೊರಸಿನ ಹಾಗಿರುವ ಎಲೆ. ಅದು ಗೇಟಿನ ಗಿಡದ ಎಲೆ ಆಗಲು ಸಾಧ್ಯವೇ ಇರಲಿಲ್ಲ. ಗೇಟಿನ ಗಿಡದ್ದು ಪುಡಿ ಪುಡಿ ಎಲೆ.

"ಸರ್, ನಮ್ಮೂರಾಗ ಬನ್ನಿ ಅಂದ್ರ ಇದ ರೀ" ಅಂದಳು. ಪಕ್ಕದಲ್ಲಿದ್ದ, ತೆಲಂಗಾಣ ಗಡಿ ಕಡೆಯ ಹುಡುಗ ಸುಮ್ನೆ ಇರಲಿಲ್ಲ. "ಅದು ಆಪ್ಟಾ ಅಲ್ಲೇನ? ನಮ್ಮ ಕಡೆ ಜಮ್ಮಿ ಗಿಡಕ್ಕ ಪೂಜಾ ಮಾಡ್ತಾರ್ರಿ. ಗೇಟಿನ ಹತ್ರ ಇರೋದ ಜಮ್ಮಿ."

ಇಬ್ಬರೂ ಸರಿ. ಮಹಾರಾಷ್ಟ್ರದ ಕಡೆ ದಸರೆಗೆ ಬಂಗಾರ ಅಂತ ಹಂಚೋದು ಆಪ್ಟಾ ಎಲೆ, ಸಸ್ಯಶಾಸ್ತ್ರದಲ್ಲಿ ಬೌಹಿನಿಯಾ ರಾಸಿಮೋಸಾ. ತೆಲಂಗಾಣದಲ್ಲಿ ಜಮ್ಮಿ, ಪ್ರೊಸೋಪಿಸ್ ಸಿನೆರೇರಿಯಾ. ಅದು ಆ ರಾಜ್ಯದ ಮರವೂ ಹೌದು, ರಾಜಸ್ಥಾನದಲ್ಲಿ ಅದನ್ನೇ ಖೇಜ್ರಿ ಅನ್ನುತ್ತಾರೆ. ಬೀದರ್ ಎರಡೂ ರಾಜ್ಯಗಳ ಗಡಿಗೆ ತಾಗಿಕೊಂಡಿದೆ. ಎರಡು ಗಿಡವೂ ಗಡಿ ದಾಟಿ ಬಂದು ನಮ್ಮಲ್ಲಿ ಬನ್ನಿ ಅನ್ನುವ ಒಂದೇ ಹೆಸರು ಇಟ್ಟುಕೊಂಡಿವೆ. ಬೋರ್ಡಿನ ಮೇಲೆ ನಾನು ಬರೆಸಿದ್ದು ಮಾತ್ರ ಈ ಎರಡೂ ಅಲ್ಲ, ಮೂರನೆಯದು!

ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಬೋರ್ಡು ತಪ್ಪಾದದ್ದಕ್ಕಲ್ಲ. ಹುಡುಗರು ಅದರ ಮುಂದೆ ನಿಂತು ಪ್ರಾಜೆಕ್ಟ್ ಪುಸ್ತಕಕ್ಕೆ ಫೋಟೋ ತೆಗೆಸಿಕೊಂಡಿದ್ದರು.

ಏನೇನು ಮಾಡಿ ನೋಡಿದೆವು

ಮೊದಲು ಊರಿನವರನ್ನು ಕೇಳೋಣ ಅಂತ ಔರಾದ್ ಹುಡುಗಿಯ ಊರಿಗೆ ಹೋದೆವು. ಅವರ ಮುತ್ಯಾ ಕಟ್ಟೆಯ ಮೇಲೆ ಕೂತಿದ್ದರು. ಎರಡೂ ರೆಂಬೆ ಮುಂದಿಟ್ಟು ಮೊಮ್ಮಗಳು ಕೇಳಿದಳು: "ಮುತ್ಯಾ, ಇದರಾಗ ಬನ್ನಿ ಯಾವ್ದು?"

"ಎರಡೂ ಬನ್ನೀನ ಯವ್ವಾ" ಅಂದರು ಅವರು. "ಇದು ಕೈ ಮುಗಿಯೂ ಬನ್ನಿ. ಅದು ಕೊಡೂ ಬನ್ನಿ. ಪೂಜಾ ಮಾಡೂ ಗಿಡದ ಎಲಿ ಊರ ಮಂದಿ ಎಲ್ಲಾ ಕಿತ್ತರ ಗಿಡದಾಗ ಏನ ಉಳೀತದ?"

ನಾವು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ. ಬನ್ನಿ ಯಾವುದು ಅಂತ ಕೇಳಿದರೆ ಉತ್ತರ ಸಿಗೋದಿಲ್ಲ, ಬನ್ನಿ ಅಂತ ಯಾವ್ಯಾವುದಕ್ಕೆ ಅನ್ನುತ್ತೀರಿ ಅಂತ ಕೇಳಬೇಕಿತ್ತು. ಮುತ್ಯಾನ ಲೆಕ್ಕದಲ್ಲಿ ಗೊಂದಲವೇ ಇಲ್ಲ. ಅವರು ಗಿಡವನ್ನು ಕೆಲಸದ ಮೇಲೆ ವಿಂಗಡಿಸಿದ್ದಾರೆ, ನಾವು ಹೂವಿನ ಮೇಲೆ ವಿಂಗಡಿಸುತ್ತೇವೆ.

ಎರಡನೆಯದಾಗಿ, ಪರಿಚಯದ ಒಬ್ಬ ವರ್ಗೀಕರಣ ತಜ್ಞರಿಗೆ ಫೋನಿನಲ್ಲಿ ಗೇಟಿನ ಗಿಡದ ಫೋಟೋ ಕಳಿಸಿದೆ. ಇಡೀ ಮರದ ಫೋಟೋ, ಕಟ್ಟೆ ಸಮೇತ. ಅವರು ಒಂದೇ ಸಾಲು ಉತ್ತರ ಕಳಿಸಿದರು: ಮುಳ್ಳಿನ ಫೋಟೋ ಕಳಿಸಿ, ಹೂ ಬಂದ ಮೇಲೆ ಹೂವಿನದು ಕಳಿಸಿ. ಆಗ ನನಗೆ ಸ್ವಲ್ಪ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಈ ಪ್ರಕರಣದಲ್ಲಿ ಯಾರಾದರೂ ಹೇಳಿದ ಅತ್ಯಂತ ಉಪಯೋಗದ ಮಾತು ಅದೇ.

ಮುಳ್ಳು ನೋಡಲು ಕೂತೆವು. ಮೇಜಿನ ಮೇಲೆ ನಾಲ್ಕು ರೆಂಬೆ: ಜಾಲಿ, ಬಳ್ಳಾರಿ ಜಾಲಿ, ಗೇಟಿನ ಬನ್ನಿ, ಮತ್ತು ಕಪಾಟಿನ ಹಳೆಯ ಹಾಳೆ. ನಾನು ಏನೂ ಹೇಳಲಿಲ್ಲ, ಹುಡುಗರಿಗೆ ಬರೀ ಹೆಬ್ಬೆರಳು ಓಡಿಸಿ ನೋಡಿ, ಮುಳ್ಳು ಎಲ್ಲಿಂದ ಹುಟ್ಟಿದೆ ಅಂತ ಬರೆಯಿರಿ ಅಂದೆ. ಜಾಲಿಯಲ್ಲಿ ಎಲೆ ಹುಟ್ಟುವ ಗಂಟಿನಲ್ಲೇ ಉದ್ದನೆಯ ಬಿಳಿ ಮುಳ್ಳು ಜೋಡಿಯಾಗಿ ನಿಂತಿದ್ದವು. ಬಳ್ಳಾರಿ ಜಾಲಿಯಲ್ಲೂ ಗಂಟಿನಲ್ಲೇ, ಎಲೆಯ ಕಂಕುಳಿಂದ. ಗೇಟಿನ ಬನ್ನಿಯಲ್ಲಿ ಹಾಗಿಲ್ಲ. ಮುಳ್ಳು ಗಿಡ್ಡ, ಬುಡ ಅಗಲ, ಗಂಟು ಮತ್ತು ಗಂಟಿನ ನಡುವಿನ ಖಾಲಿ ಜಾಗದಲ್ಲಿ ಎಲ್ಲೆಂದರಲ್ಲಿ ಎದ್ದಿವೆ, ಯಾವುದೂ ಜೋಡಿ ಇಲ್ಲ. ಹಾಳೆಯ ಮೇಲಿನ ರೆಂಬೆಯಲ್ಲೂ ಮುಳ್ಳು ಗಿಡ್ಡವೇ, ಆದರೆ ಗಂಟಿನ ಕೆಳಗೆ ಜೋಡಿ ಜೋಡಿ. ಎಲೆ ಎಣಿಸಿದರೆ ಹಾಳೆಯದರಲ್ಲಿ ಎಲೆಯ ಕವಲು ಐದು ಜೋಡಿ, ಗೇಟಿನದರಲ್ಲಿ ಎರಡೇ ಜೋಡಿ.

ಅಲ್ಲಿಗೆ ಎರಡು ಬೇರೆ ಗಿಡ ಅನ್ನೋದು ಖಾತ್ರಿಯಾಯಿತು. ನಾನು ಮೊದಲು ಅಂದುಕೊಂಡದ್ದು ಹಳೆಯ ಮೇಷ್ಟ್ರು ತಪ್ಪು ಬರೆದಿದ್ದಾರೆ ಅಂತ. ಆದರೆ ಅವರದೇನೂ ತಪ್ಪಿಲ್ಲ. ಅವರ ಕೈಯಲ್ಲಿದ್ದ ಗಿಡ ಅಕೇಶಿಯಾ ಫೆರುಜಿನಿಯಾವೇ. ಅದಕ್ಕೂ ಕನ್ನಡದಲ್ಲಿ ಬನ್ನಿ ಅನ್ನುವ ಹೆಸರಿದೆ. ಅವರು ಗಿಡ ನೋಡಿ ಹೆಸರು ಬರೆದಿದ್ದರು. ನಾನು ಆ ಹೆಸರು ಹಿಡಿದುಕೊಂಡು ಬೇರೆ ಗಿಡಕ್ಕೆ ಹಾರಿದ್ದೆ.

ಹೂವಿಗಾಗಿ ಕಾಯಬೇಕಿತ್ತು. ಬನ್ನಿ ಹೂ ಬಿಡೋದು ಚಳಿ ಇಳಿಯುವ ಹೊತ್ತಿಗೆ. ಅಲ್ಲಿಯವರೆಗೆ ಸುಮ್ನೆ ಕೂರೋದು ಯಾಕೆ ಅಂತ ತೊಗರಿ ಹೊಲಕ್ಕೆ ಕರೆದುಕೊಂಡು ಹೋದೆ, ಹೂ ತುಂಬಿ ನಿಂತ ಕಾಲ. ಈ ಕುಟುಂಬದ ಒಳಗಿನ ಹಳೆಯ ಮೂರು ಗುಂಪು ಯಾವ ಆಧಾರದ ಮೇಲೆ ಅಂತ ಪುಸ್ತಕದಲ್ಲಿ ಓದಿದವರೇ ಎಲ್ಲ, ಒಂದು ಮೊಗ್ಗು ಬಿಡಿಸಿ ನೋಡಿದವರು ಒಬ್ಬರೂ ಇರಲಿಲ್ಲ. ತೊಗರಿಯ ಮೊಗ್ಗನ್ನು ಉಗುರಿನಿಂದ ಬಿಡಿಸಿದರೆ ಮೇಲೆ ಕಾಣೋದು ಒಂದು ದೊಡ್ಡ ಎಸಳು, ಹಳದಿ, ಬೆನ್ನಿನ ಮೇಲೆ ಕೆಂಪು ಗೆರೆ. ಅದು ಉಳಿದದ್ದನ್ನೆಲ್ಲ ಸೆರಗು ಹೊದಿಸಿದ ಹಾಗೆ ಮುಚ್ಚಿಕೊಂಡಿರುತ್ತದೆ. ಅದರೊಳಗೆ ಎರಡು ರೆಕ್ಕೆ, ಅವುಗಳ ಒಳಗೆ ದೋಣಿಯ ಹಾಗೆ ಕೂಡಿಕೊಂಡ ಎರಡು ಎಸಳು, ದೋಣಿಯೊಳಗೆ ಹತ್ತು ಕೇಸರ: ಒಂಬತ್ತು ಅಂಟಿಕೊಂಡು, ಒಂದು ಒಂಟಿ.

ಹೊಲದ ಬದುವಿನ ಮೇಲೆ ತಂಗಡಿ ಇತ್ತು, ಬೇರೆ ಕಡೆ ಆವರಿಕೆ ಅನ್ನುತ್ತಾರಲ್ಲ ಅದು. ಅದರ ಮೊಗ್ಗು ಬಿಡಿಸಿದರೆ ಉಲ್ಟಾ. ಮೇಲಿನ ಎಸಳು ಎಲ್ಲಕ್ಕಿಂತ ಒಳಗೆ ಇರುತ್ತದೆ, ಪಕ್ಕದವು ಅದನ್ನು ಮುಚ್ಚಿರುತ್ತವೆ. ಜಾಲಿಯ ಮೊಗ್ಗು ಸಾಸಿವೆ ಕಾಳಿಗಿಂತ ಸಣ್ಣದು, ಲೆನ್ಸ್ ಬೇಕಾಯಿತು. ಅಲ್ಲಿ ಯಾವ ಎಸಳೂ ಯಾವುದನ್ನೂ ಮುಚ್ಚೋದಿಲ್ಲ, ಅಂಚಿಗೆ ಅಂಚು ತಾಗಿಸಿಕೊಂಡು ಕೂತಿರುತ್ತವೆ. ಮೂರು ಗುಂಪು ಅಂದರೆ ಇಷ್ಟೇ. ಒಬ್ಬ ಹುಡುಗ "ಮೂರು ವರ್ಷ ಬಾಯಿಪಾಠ ಮಾಡಿದ್ದು ಇದೇ ಏನ್ರಿ ಸರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಫೆಬ್ರವರಿಯ ಹೂ

ಬನ್ನಿ ಫೆಬ್ರವರಿಯಲ್ಲಿ ಹೂ ಬಿಟ್ಟಿತು. ಬೆರಳುದ್ದದ ತೆಳ್ಳನೆಯ ಗೊಂಚಲು, ಕೆನೆ ಬಣ್ಣಕ್ಕೆ ಹಳದಿ ಸೇರಿದ ಹಾಗೆ. ಔರಾದ್ ಹುಡುಗಿ ಒಂದು ಹೂವನ್ನು ಗಾಜಿನ ಮೇಲೆ ಹನಿ ನೀರಿನಲ್ಲಿ ಇಟ್ಟು, ಸೂಜಿಯಿಂದ ಬಿಡಿಸಿ, ಕೇಸರ ಎಣಿಸತೊಡಗಿದಳು. ಮೊದಲ ಸಲ ಒಂಬತ್ತು ಬಂತು. ಎರಡನೇ ಹೂವಿನಲ್ಲಿ ಹನ್ನೊಂದು ಅಂದಳು, ನೋಡಿದರೆ ಪಕ್ಕದ ಹೂವಿನದೊಂದು ಸೇರಿಕೊಂಡಿತ್ತು. ಮೂರು, ನಾಲ್ಕು, ಐದನೇ ಹೂವಿನಲ್ಲಿ ಹತ್ತು, ಹತ್ತು, ಹತ್ತು. ಒಂದೊಂದು ಕೇಸರದ ತುದಿಯಲ್ಲಿ ಮುಟ್ಟಿದರೆ ಉದುರುವ ಒಂದು ಚಿಕ್ಕ ಗ್ರಂಥಿ. ಅಕೇಶಿಯಾ ಗುಂಪಿನದಾಗಿದ್ದರೆ ಕೇಸರ ಎಣಿಸಲು ಆಗದಷ್ಟು ಇರುತ್ತಿದ್ದವು, ಜಾಲಿ ಹೂ ಗೊಂಡೆಯ ಹಾಗೆ ಕಾಣೋದೇ ಅದಕ್ಕೆ. ಹತ್ತು ಅಂದರೆ ಪ್ರೊಸೋಪಿಸ್. ತಜ್ಞರಿಗೆ ಮುಳ್ಳಿನದೂ ಹೂವಿನದೂ ಫೋಟೋ ಕಳಿಸಿದೆವು, ಹತ್ತು ನಿಮಿಷದಲ್ಲಿ ಸಿನೆರೇರಿಯಾ ಅಂತ ಉತ್ತರ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಒಂದು ಬೋರ್ಡು ಬದಲಿಸಿ ಸುಮ್ಮನಾಗುತ್ತಿದ್ದೆವು. ಆದರೆ ಹುಡುಗರಿಗೆ ಈಗ ರುಚಿ ಹತ್ತಿತ್ತು, ಉಳಿದ ಬೋರ್ಡುಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಲು ಶುರು ಮಾಡಿದರು. ಆಗ ಜಾಲಿಯ ಕತೆ ಬಂತು.

ಜಾಲಿಗೆ ನಾವು ಬರೆಸಿದ್ದು ಅಕೇಶಿಯಾ ನಿಲೋಟಿಕಾ. ಈಗಿನ ಹೆಸರು ವಾಚೆಲಿಯಾ ನಿಲೋಟಿಕಾ. ಕಪಾಟಿನ ಹಾಳೆಯ ಗಿಡ ಸೆನೆಗಾಲಿಯಾ ಫೆರುಜಿನಿಯಾ. ಅಕೇಶಿಯಾ ಅನ್ನೋದು ಒಂದೇ ಕುಲ ಅಲ್ಲ, ಹಲವು ಸೇರಿಕೊಂಡ ಗಂಟು ಅಂತ ಗೊತ್ತಾದ ಮೇಲೆ ಅದನ್ನು ಒಡೆದರು. ಒಡೆದಾಗ ಹಳೆಯ ಹೆಸರು ಯಾವ ತುಂಡಿಗೆ ಹೋಗಬೇಕು? ನಿಯಮದ ಪ್ರಕಾರ ಆ ಹೆಸರಿಗೆ ಮಾದರಿ ಅಂತ ಇಟ್ಟ ಗಿಡ ಯಾವ ಕಡೆ ಇದೆಯೋ ಆ ಕಡೆಗೆ. ಅಕೇಶಿಯಾಗೆ ಮಾದರಿ ನಮ್ಮ ಜಾಲಿಯೇ ಆಗಿತ್ತು. ಆದರೆ ಆಸ್ಟ್ರೇಲಿಯಾದ ತುಂಡಿನಲ್ಲಿ ಸಾವಿರದ ಹತ್ತಿರ ಜಾತಿ, ನಮ್ಮ ಜಾಲಿಯ ತುಂಡಿನಲ್ಲಿ ಅದರ ಕಾಲು ಭಾಗವೂ ಇಲ್ಲ. ಅಷ್ಟೊಂದು ಹೆಸರು ಬದಲಿಸೋದು ಬೇಡ ಅಂತ 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಮಾದರಿಯನ್ನೇ ಬದಲಿಸಿ ಆಸ್ಟ್ರೇಲಿಯಾದ ಗಿಡ ಇಟ್ಟರು. ಇದಕ್ಕೆ ವಿರೋಧವಾಗಿ ಅರ್ಧಕ್ಕಿಂತ ಜಾಸ್ತಿ ಮತ ಬಿದ್ದಿದ್ದವು, ಆದರೆ ತೀರ್ಮಾನ ತಳ್ಳಿಹಾಕಲು ಶೇ. 60 ಬೇಕಿತ್ತು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಮುಳ್ಳಿಗೆ ಹೆಸರಾದ ಜಾಲಿ ಅಕೇಶಿಯಾ ಅಲ್ಲ, ಬಹುಪಾಲು ಮುಳ್ಳೇ ಇಲ್ಲದ ಆಸ್ಟ್ರೇಲಿಯಾದವು ಅಕೇಶಿಯಾ. ಹುಡುಗರಿಗೆ ಇದು ಕೇಳಿ ಕೋಪ ಬಂತು, ನನಗೂ ಸಮಾಧಾನ ಇಲ್ಲ ಅನ್ನಿ.

ಬನ್ನಿಯ ವಿಷಯದಲ್ಲಿ ಮಾತ್ರ ಆಟ ತಿರುಗಿತು. 2022ರಲ್ಲಿ ಪ್ರೊಸೋಪಿಸ್ ಅನ್ನೂ ಒಡೆದರು. ಆ ಹೆಸರಿಗೆ ಮಾದರಿ ಹಿಂದೆ ಪ್ರೊಸೋಪಿಸ್ ಸ್ಪೈಸಿಜೆರಾ ಅನ್ನುತ್ತಿದ್ದ ಗಿಡ, ಅಂದರೆ ನಮ್ಮ ಬನ್ನಿಯೇ. ಇಲ್ಲಿ ಮತದಾನ ಏನೂ ನಡೆಯಲಿಲ್ಲ, ಹೆಸರು ಬನ್ನಿಯ ಹತ್ತಿರವೇ ಉಳಿಯಿತು. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಗೆ ನೆಲ್ಟುಮಾ ಜೂಲಿಫ್ಲೋರಾ ಅಂತ ಬೇರೆ ಹೆಸರು ಬಂತು. ಎರಡು ಕುಲಗಳಿಗೂ ಇರುವ ಮುಖ್ಯ ವ್ಯತ್ಯಾಸಗಳಲ್ಲಿ ಒಂದು, ಮುಳ್ಳು ಗಂಟಿನಲ್ಲಿದೆಯೋ ಗಂಟುಗಳ ನಡುವೆ ಇದೆಯೋ ಅನ್ನೋದು. ನಮ್ಮ ಹುಡುಗರು ಹೆಬ್ಬೆರಳು ಓಡಿಸಿ ಬರೆದುಕೊಂಡಿದ್ದ ಅದೇ ಸಾಲು!

ತೀರ್ಮಾನ ಆದದ್ದು ಹೇಗೆ

ಕುಟುಂಬದ ಸಾಲಿನ ಪ್ರಶ್ನೆ ಹಾಗೇ ಉಳಿದಿತ್ತು. ಕಾಲೇಜಿನಿಂದ ನಿವೃತ್ತರಾದ ಒಬ್ಬ ಹಿರಿಯ ಮೇಷ್ಟ್ರನ್ನು ಕರೆದೆವು, ಮೂರು ಕುಟುಂಬ ಅಂತ ತಲೆಮಾರುಗಟ್ಟಲೆ ಕಲಿಸಿದವರು. ಬದಲಿಸೋದು ಬೇಡ ಅಂತ ಹಟ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ಚಹಾ ಕುಡಿದು ನಕ್ಕರು. "ನಮ್ಮ ಗುರುಗಳು ಓದುವಾಗ ಒಂದು, ನಾ ಓದುವಾಗ ಮೂರು, ಈಗ ಮತ್ತ ಒಂದು. ಬಸ್ಸು ತಿರುಗಿ ಅದೇ ಸ್ಟ್ಯಾಂಡಿಗೆ ಬಂತು. ಆದ್ರ ಒಳಗ ಕೂತವರು ಬದಲಾಗ್ಯಾರ, ಅದನ್ನ ಹುಡುಗರಿಗೆ ಹೇಳ್ರಿ."

ಸರಿಯಾದ ಮಾತು. ಹಳೆಯ ಒಂದು ಕುಟುಂಬದಲ್ಲಿ ಮೂರು ಗುಂಪು ಇತ್ತು, ಈಗಿನದರಲ್ಲಿ ಆರು, ಅವಕ್ಕೆ ಉಪಕುಟುಂಬ ಅನ್ನುತ್ತಾರೆ. 2017ರಲ್ಲಿ ಈ ಕುಟುಂಬದ ತಜ್ಞರೆಲ್ಲ ಸೇರಿ 3,696 ಜಾತಿಗಳ ಒಂದು ಜೀನ್ ಹೋಲಿಸಿ ಮಾಡಿದ ವಿಂಗಡಣೆ ಅದು. ಜಾಲಿ, ಬನ್ನಿಯ ಗುಂಪು ಈಗ ಬೇರೆ ಅಲ್ಲ, ತಂಗಡಿ, ಗುಲ್‌ಮೊಹರ್ ಇರುವ ಸಿಸಾಲ್ಪಿನಿಯಾಯ್ಡಿ ಒಳಗೇ ಸೇರಿದೆ. ಹುಣಸೆ ಅಲ್ಲಿಂದ ಹೊರಬಿದ್ದು ಡಿಟೇರಿಯಾಯ್ಡಿಗೆ ಹೋಗಿದೆ. ಆಪ್ಟಾ ಮತ್ತು ಅದರ ಸಂಬಂಧಿಗಳು ಸರ್ಸಿಡಾಯ್ಡಿ. ತೊಗರಿಯ ಗುಂಪು ಮೊದಲಿನ ಹಾಗೇ ಗಟ್ಟಿ. ಉಳಿದ ಎರಡರ ಗಿಡ ನಮ್ಮ ಕಾಂಪೌಂಡಿನಲ್ಲಿ ಇಲ್ಲ, ಬಿಟ್ಟುಬಿಡೋಣ. ಅಂದರೆ ಮುತ್ಯಾನ ಎರಡು ಬನ್ನಿಗಳೂ ಒಂದೇ ಕುಟುಂಬದಲ್ಲಿದ್ದು ಎರಡು ಬೇರೆ ಉಪಕುಟುಂಬದಲ್ಲಿವೆ.

ಬೋರ್ಡಿಗೆ ಏನು ಬರೆಯೋದು ಅಂತ ಆ ದಿನ ಮಧ್ಯಾಹ್ನ ಪೂರ್ತಿ ವಾದ ನಡೆಯಿತು. ಕೊನೆಗೆ ಕುಟುಂಬದ ಸಾಲಿನಲ್ಲಿ "ಫ್ಯಾಬೇಸಿ ಅಥವಾ ಲೆಗ್ಯುಮಿನೋಸಿ" ಅಂತ ಎರಡೂ ಬರೆಸಿದೆವು. ಸಸ್ಯಗಳ ಹೆಸರಿಡುವ ಅಂತರರಾಷ್ಟ್ರೀಯ ನಿಯಮ ಎಂಟು ಕುಟುಂಬಗಳಿಗೆ ಮಾತ್ರ ಹೀಗೆ ಹಳೆಯ ಹೆಸರನ್ನೂ ಉಳಿಸಿಕೊಳ್ಳಲು ಬಿಟ್ಟಿದೆ, ಅದರಲ್ಲಿ ಇದೂ ಒಂದು. ಲೆಗ್ಯುಮಿನೋಸಿ ಅಂತ ಜೊತೆಗಿದ್ದರೆ ಫ್ಯಾಬೇಸಿಯನ್ನು ಯಾರೂ ಚಿಕ್ಕ ಅರ್ಥದಲ್ಲಿ ಓದೋದಿಲ್ಲ. ಉಪಕುಟುಂಬ ಬೋರ್ಡಿನಲ್ಲಿ ಬೇಡ, ರಿಜಿಸ್ಟರಿನಲ್ಲಿ ಇರಲಿ ಅಂತ ಬಿಟ್ಟೆವು. ಇದಕ್ಕೆ ಒಬ್ಬಳು ಕೊನೆಯವರೆಗೂ ಒಪ್ಪಲಿಲ್ಲ. ವೈಜ್ಞಾನಿಕ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಳೆಯ ಹೆಸರು. ಕನ್ನಡದ ಹೆಸರಿನ ಪಕ್ಕ ಊರಿನ ಬೇರೆ ಹೆಸರುಗಳೂ: ಬನ್ನಿ, ಜಮ್ಮಿ, ಶಮಿ.

ಕಲಿತದ್ದು

ಇದನ್ನು ಮತ್ತೆ ಮಾಡುವುದಾದರೆ ನಾನು ಬೋರ್ಡಿನಿಂದ ಶುರು ಮಾಡೋದಿಲ್ಲ. ಒಂದು ವರ್ಷ ಹೂ, ಕಾಯಿ ನೋಡಿಕೊಂಡು, ಕೊನೆಗೆ ಪೇಂಟರ್‌ನನ್ನು ಕರೆಯುತ್ತೇನೆ. ನ್ಯಾಕ್ ತಂಡ ಒಂದು ದಿನ ಬಂದು ಹೋಗುತ್ತದೆ, ಗಿಡ ಅಲ್ಲೇ ಇರುತ್ತದೆ. ಊರಿನ ಹೆಸರನ್ನು ಗೌರವದಿಂದ ಬರೆದುಕೊಳ್ಳಬೇಕು, ಆದರೆ ಅದನ್ನು ಸೇತುವೆ ಮಾಡಿಕೊಂಡು ಲ್ಯಾಟಿನ್ ಹೆಸರಿಗೆ ದಾಟಬಾರದು. ನಾನು ಬಿದ್ದದ್ದು ಆ ಸೇತುವೆಯಿಂದಲೇ. ಯಾವ ಪುಸ್ತಕದ ವರ್ಗೀಕರಣ ಹಿಡಿದಿದ್ದೇವೆ ಅಂತ ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿಡಬೇಕು. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಬಂದವರು ಫ್ಯಾಬೇಸಿ ನೋಡಿ ತಲೆ ಕೆರೆದುಕೊಳ್ಳುತ್ತಾರೆ, ನಾನು ಹಾಳೆ ನೋಡಿ ಎಡವಿದ ಹಾಗೆ. ಆ ಹಾಳೆಯಲ್ಲಿ ಊರು, ತಾರೀಖು, ಒಂದು ಕಾಯಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹುಡುಗರ ಅಂಕದ ವಿಷಯಕ್ಕೆ ಬಂದರೆ, ಪರೀಕ್ಷೆಯಲ್ಲಿ ನೋಟ್ಸಿನಲ್ಲಿದ್ದದ್ದನ್ನೇ ಬರೆಯಿರಿ, ಹೊಸದು ಒಂದು ಸಾಲು ಸೇರಿಸಿ ಅಂತ ಹೇಳಿದೆ. ಅದು ಸರಿಯೋ ಹೇಡಿತನವೋ, ಇನ್ನೂ ತೀರ್ಮಾನ ಮಾಡಿಕೊಂಡಿಲ್ಲ.

ಬೋರ್ಡುಗಳಿಗೆ ಮಾರ್ಚ್‌ನಲ್ಲಿ ಮತ್ತೆ ಬಣ್ಣ ಹೊಡೆಸಿದೆವು, ಅಷ್ಟೂ ದ್ವಿದಳದವಕ್ಕೆ. ದುಡ್ಡು ಅರ್ಧ ಕಾಲೇಜು ಕೊಟ್ಟಿತು, ಅರ್ಧ ನನ್ನ ಜೇಬಿನದು, ನ್ಯಾಯವೇ. ಬಳ್ಳಾರಿ ಜಾಲಿಯ ಬೋರ್ಡಿನಲ್ಲಿ ಪೇಂಟರ್ ನೆಲ್ಟುಮಾ ಬದಲು ನೆಲ್ಲುಮಾ ಅಂತ ಬರೆದಿದ್ದಾನೆ, ಒತ್ತಕ್ಷರ ತಿದ್ದಿಸಬೇಕು. ಕಪಾಟಿನಲ್ಲಿ ಈಗ ಹಳೆಯ ಹಾಳೆಯ ಪಕ್ಕ ಎರಡು ಹೊಸ ಹಾಳೆ ಇವೆ, ಮೂರಕ್ಕೂ ಮೇಲೆ ಬನ್ನಿ ಅಂತಲೇ ಇದೆ. ಆಪ್ಟಾದ ಹಾಳೆಯ ಕೆಳಗೆ ಔರಾದ್ ಹುಡುಗಿ ತನ್ನ ಅಕ್ಷರದಲ್ಲಿ ಬರೆದಿದ್ದಾಳೆ: ಕೊಡುವ ಬನ್ನಿ, ಹೇಳಿದವರು ಮುತ್ಯಾ.